ಓಡುವ ಗಂಟು, ಕೂತ ಗಂಟು

ಗಂಟು ಕೊಲ್ಲುವುದಿಲ್ಲ ಕಣ್ರೀ, ಹೊರಟ ಗಂಟು ಕೊಲ್ಲುತ್ತದೆ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಮ್ಮ ಪ್ರಯೋಗಾಲಯದ ಟೆಕ್ನೀಷಿಯನ್ ಲ್ಯಾನ್ಸಿ ಅದನ್ನು ನನ್ನ ದನಿಯಲ್ಲೇ, ಸೊಂಟದ ಮೇಲೆ ಕೈಯಿಟ್ಟು, ಅಣಕಿಸಿ ತೋರಿಸುತ್ತಾನೆ. ಅಣಕಿಸಲಿ. ಹುಟ್ಟಿದ ಜಾಗದಲ್ಲೇ ಕೂತ ಕ್ಯಾನ್ಸರ್ ಗಂಟನ್ನು ಕತ್ತರಿಸಿ ತೆಗೆಯಬಹುದು. ಅದರಿಂದ ಕಳಚಿಕೊಂಡ ಜೀವಕೋಶ ರಕ್ತಕ್ಕಿಳಿದು, ಶ್ವಾಸಕೋಶಕ್ಕೋ ಮೂಳೆಗೋ ಹೋಗಿ ಬೇರೆ ಸಂಸಾರ ಹೂಡಿದಾಗಲೇ ನಮ್ಮ ಕೈ ಸೋಲುವುದು.

ಹೋಗಬೇಕಾದರೆ ಅದು ನುಸುಳಬೇಕು. ರಕ್ತನಾಳದ ಗೋಡೆಯ ಸಂದು ಜೀವಕೋಶಕ್ಕಿಂತ ಎಷ್ಟೋ ಚಿಕ್ಕದು. ಜೀವಕೋಶಕ್ಕೂ ಒಂದು ಅಸ್ಥಿಪಂಜರವಿದೆ, ಮೂಳೆಯದ್ದಲ್ಲ, ಪ್ರೋಟೀನಿನದ್ದು. ಅದರಲ್ಲಿ ಹುರಿಗಳಿವೆ, ಕೊಳವೆಗಳಿವೆ. ಹುರಿ ಬಿಗಿದಿದ್ದರೆ ಕೋಶ ಸಂದಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಡಿಲವಿದ್ದರೆ ನಾದಿದ ಹಿಟ್ಟಿನ ಹಾಗೆ ಸಪೂರವಾಗಿ ಆಚೆ ಇಳಿದುಬಿಡುತ್ತದೆ.

ನಾನು ಹಾವೇರಿ ಬಿಟ್ಟು ಕುಂದಾಪುರಕ್ಕೆ ಬರುವ ಹೊತ್ತಿಗೆ ಇದನ್ನು ಅಳೆಯುವ ಯಂತ್ರ ತಾಲ್ಲೂಕಿಗೊಂದು ಆಗಿತ್ತು. ಅಂಗೈಯಗಲದ ಗಾಜಿನ ಬಿಲ್ಲೆ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಕಿಂಡಿಗಳು. ಗಂಟಿನಿಂದ ಸೂಜಿಯಲ್ಲಿ ತೆಗೆದ ಕೋಶಗಳನ್ನು ಅದರ ಮೂಲಕ ತಳ್ಳುತ್ತೇವೆ, ಯಾವುದು ಎಷ್ಟು ಬೇಗ ದಾಟಿತೆಂದು ಕ್ಯಾಮೆರಾ ನೋಡುತ್ತದೆ. ಯಂತ್ರಕ್ಕೊಂದು ಉದ್ದನೆಯ ಹೆಸರಿದೆ. ಜನ ಅದನ್ನು ಕಿಂಡಿ ಎಂದರು, ನಾವೂ ಹಾಗೇ ಎಂದೆವು. ಸಿಕ್ಕಿಕೊಂಡರೆ ಕೂತ ಗಂಟು, ದಾಟಿದರೆ ಓಡುವ ಗಂಟು. ಬಸ್ಸಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು "ನಿಮ್ದ್ ಕೂತದ್ದಾ, ಓಡುದಾ?" ಎಂದು ನೆಂಟರ ಆರೋಗ್ಯ ವಿಚಾರಿಸಿದಷ್ಟು ಸಲೀಸಾಗಿ ಕೇಳುತ್ತಿದ್ದರು. ಕೂತ ಗಂಟಾದರೆ ಸೀದಾ ಆಪರೇಷನ್.

ಓಡುವ ಗಂಟಿಗೆ ಬಿಗಿಮದ್ದು ಇತ್ತು. ತಿಂಗಳುಗಟ್ಟಲೆ ನುಂಗಿದರೆ ಮೈಯ ಕೋಶಗಳ ಹುರಿಗಳೆಲ್ಲ ಬಿಗಿದು, ಗಂಟು ಕೂತುಬಿಡುತ್ತದೆ. ಆಮೇಲೆ ಕತ್ತರಿಸಬಹುದು. ಹಾಗಲ್ಲದೆ ಓಡುವ ಗಂಟಿಗೆ ಚಾಕು ಹಾಕಿದರೆ, ಅಲುಗಾಟಕ್ಕೇ ಕೋಶಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆದರೆ ಬಿಗಿಮದ್ದಿಗೆ ಒಳ್ಳೆಯದು ಕೆಟ್ಟದ್ದರ ಭೇದವಿಲ್ಲ. ಗಾಯವಾದ ಕಡೆಗೆ ಓಡಬೇಕಾದ ಬಿಳಿ ರಕ್ತಕಣಗಳನ್ನೂ ಅದು ಮರಗಟ್ಟಿಸುತ್ತದೆ. ಮದ್ದು ತಿನ್ನುವವರಿಗೆ ಮುಳ್ಳು ಚುಚ್ಚಿದರೂ ಹುಣ್ಣಾಗಿ ತಿಂಗಳು ಕಾಡುತ್ತದೆ. ಹೀಗಾಗಿ ಅವರು ಬರಿಗಾಲಲ್ಲಿ ನಡೆಯುವುದಿಲ್ಲ, ಹಲಸು ಕೊಯ್ಯುವುದಿಲ್ಲ, ಕ್ಷೌರದಂಗಡಿಯವನು ಬ್ಲೇಡು ಎತ್ತುವ ಮೊದಲು "ಮದ್ದಿನಲ್ಲಿದ್ರ್ಯಾ?" ಎಂದು ಕೇಳುವುದು ರೂಢಿಯಾಗಿತ್ತು. ಆಮೇಲಾಮೇಲೆ ಕೆಲವರ ಕೈಬೆರಳು ಮಡಚುವುದೇ ನಿಂತುಹೋಗುತ್ತಿತ್ತು. ಜೀವ ಉಳಿಯುತ್ತದಲ್ಲ ಎಂದು ನಾವು ಸಮಾಧಾನ ಹೇಳುತ್ತಿದ್ದೆವು.

ಗಂಗೊಳ್ಳಿಯ ಬೇಬಿ ಮೊಗವೀರ ಅಲ್ಲಿನ ಮೀನು ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವವರು. ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಸೂಜಿ ಹಾಕಿ ತೆಗೆದ ಮಾದರಿಯನ್ನು ಮಗಳು ಅಶ್ವಿತಾ ಹೊಳೆ ದಾಟಿ ನಮ್ಮಲ್ಲಿಗೆ ತಂದಳು. ಮಾದರಿ ತರುವುದಕ್ಕೆ ಬಿಸಿಚೀಲ ಎಂದು ಕೊಡುತ್ತೇವೆ. ಅದು ಒಳಗಿನ ಸೀಸೆಯನ್ನು ಮೈಬಿಸಿಯಲ್ಲೇ ಇಡುತ್ತದೆ. ಲ್ಯಾನ್ಸಿ ಚೀಲ ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ತೆಗೆದುಕೊಂಡ.

ಕಿಂಡಿಗೆ ಹಾಕಿದೆವು. ಪರದೆಯ ಮೇಲೆ ಕೋಶಗಳು ಸಾಲಾಗಿ ಬಂದು ಕಿಂಡಿಯ ಬಾಯಲ್ಲಿ ನಿಂತವು. ನಿಂತವು ಅಂದರೆ ನಿಂತೇಬಿಟ್ಟವು, ಒತ್ತಡ ಹೆಚ್ಚಿಸಿದರೂ ಜಪ್ಪಯ್ಯ ಎನ್ನಲಿಲ್ಲ.

"ಮೇಡಂ, ಇಷ್ಟು ಗಟ್ಟಿ ಗಂಟು ಈ ವರ್ಷ ಬರ್ಲೇ ಇಲ್ಲ ಮಾರಾಯ್ರೆ," ಎಂದ ಲ್ಯಾನ್ಸಿ.

ನನಗೆ ಖುಷಿಯೋ ಖುಷಿ. ಫೋನಿನಲ್ಲಿ ನಾನೇ ಹೇಳಿದೆ. ಆ ಕಡೆಯಿಂದ ಬೇಬಿಯಕ್ಕ ಅಳುತ್ತಾ ನಗುತ್ತಾ, "ಕತ್ತಿ ಬಿಡೂದ್ ಬ್ಯಾಡ ಅಲ್ದಾ ಡಾಕ್ಟ್ರಮ್ಮ?" ಎಂದು ಕೇಳಿದರು. ಬೇಡ, ಮದ್ದೇ ಬೇಡ, ಗುರುವಾರ ಆಪರೇಷನ್, ಗಾಯ ಒಣಗಿದ ಮೇಲೆ ನಿಮ್ಮ ಕತ್ತಿ ನಿಮಗೆ ಎಂದೆ. ಹಾಗಾದರೆ ಅದಕ್ಕೆ ಮೊದಲು ಭಾನುವಾರ ಊಟಕ್ಕೆ ಬರಲೇಬೇಕೆಂದು ಹಟ ಹಿಡಿದರು. ನಾನು ಹುಟ್ಟಾ ಸಸ್ಯಾಹಾರಿ, ಕರಾವಳಿಗೆ ಬಂದು ಕೆಟ್ಟವಳು. ಅಂಜಲ್ ಮೀನೆಂದ ಕೂಡಲೇ ಒಪ್ಪಿಕೊಂಡೆ.

ಬೇಬಿಯಕ್ಕನ ಮನೆ ಬಂದರಿನ ಹಿಂದೆ. ಅಂಗಳದಲ್ಲಿ ಮೆಟ್ಟುಕತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿಕೊಂಡು ಕೂತು, ತೊಡೆಗಾತ್ರದ ಅಂಜಲನ್ನು ನನ್ನೆದುರೇ ಕೊಯ್ದರು. ಕತ್ತಿ ಅಲ್ಲಾಡುವುದಿಲ್ಲ, ಮೀನೇ ಅಲ್ಲಾಡುತ್ತದೆ. ತುಂಡುಗಳೆಲ್ಲ ಒಂದೇ ದಪ್ಪ. ಆ ಕೈ ನೋಡಿದೆ. ಬೆರಳು ಬೆರಳಿಗೂ ಗೀರು, ಹಳೆಯದು, ಹೊಸದು, ಮೀನಿನ ರೆಕ್ಕೆಯದು, ಮುಳ್ಳಿನದು.

"ಇದೆಲ್ಲ ಉರಿಯಂಗಿಲ್ಲೇನ್ರೀ?" ಎಂದೆ.

"ದಿನಾ ಒಂದ್ ಆತ್ತ್, ದಿನಾ ಒಂದ್ ಮಾಯ್ತ್. ಅದ್ನ ಎಣಿಸ್ಕಂಡ್ ಕೂಕಂಬುಕೆ ಆತ್ತಾ?" ಎಂದು ನಕ್ಕರು. "ಗಂಡ ಹೋದ್ ಮೇಲೆ ಈ ಕತ್ತಿಯೇ ನನ್ನ್ ಕೂರ್ಸಿ ಉಣ್ಸಿದ್ದ್. ಮಾರ್ಕೆಟಲ್ಲಿ ಬೇಬಿ ಕೊಯ್ದ್ ಕೊಟ್ರೇ ಆಯ್ಕ್ ಅಂದೇಳಿ ಜನ ಕಾಯ್ತ್ರ್, ಕಾಣಿ. ಮದ್ದ್ ತಿನ್ನಿ ಅಂದಿದ್ರೆ ನಾನ್ ಒಪ್ತಿರ್ಲಿಲ್ಲೆ."

ಊಟಕ್ಕೆ ಕೂತೆವು. ಮೀನು ಬಾಯಲ್ಲಿಟ್ಟರೆ ಕರಗುತ್ತಿತ್ತು. ಎಷ್ಟು ತಾಜಾ ಇದೆ ಎಂದು ಹೊಗಳಿದ್ದೇ ತಡ, ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಅಶ್ವಿತಾ ಶುರುಮಾಡಿದಳು. ಮೀನು ನೀರು ಬಿಟ್ಟ ಗಳಿಗೆಯಿಂದ ಐಸು ಬಿಡಬಾರದು, ಹುಡಿ ಐಸೇ ಆಗಬೇಕು, ಬಿಸಿಲು ತಾಗಿದರೆ ಮುಗಿಯಿತು.

"ನಮ್ಗೆ ಬಿಡಿ, ಅದ್ ರಕ್ತದಲ್ಲೇ ಬಂದದ್ದ್," ಎಂದರು ಬೇಬಿಯಕ್ಕ ಹೆಮ್ಮೆಯಿಂದ, ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ. "ನನ್ನ್ ಗಂಟಿನ್ ಚೂರನ್ನೂ ಹಾಂಗೇ ಕಳ್ಸಿದ್ದ್. ಆ ನರ್ಸ್ ಹೆಣ್ಣ್ ಬಿಸಿಚೀಲದಲ್ಲಿ ಹಾಕಿ ಕೊಡ್ತ್! ಮೈಯಿಂದ ತೆಗ್ದ ಮಾಂಸ, ಬಿಸಿ ಮಾಡಿರೆ ಹಾಳಾತಿಲ್ಯಾ? ನಾನ್ ಅಶ್ವಿತಂಗೆ ಹೇಳ್ದೆ, ಮೊದ್ಲ್ ಐಸಲ್ಲಿ ಹಾಕ್ ಮಗಾ ಅಂದೇಳಿ."

ತುತ್ತು ನನ್ನ ಕೈಯಲ್ಲೇ ನಿಂತಿತು. "ಏನಂದ್ರಿ?"

"ನಿಮ್ಮ್ ಆಸ್ಪತ್ರೆ ಗೇಟಿನ್ ಹತ್ರ ತಿರ್ಗಿ ಬಿಸಿಚೀಲಕ್ಕೆ ಹಾಕ್ದೆ," ಎಂದಳು ಅಶ್ವಿತಾ, ನನ್ನ ಮುಖ ನೋಡಿ ಸಣ್ಣ ದನಿಯಲ್ಲಿ. "ನೀವ್ ಬೈತ್ರಿ ಅಂದೇಳಿ."

ಸಿಟ್ಟು ಬಂದರೆ ನನ್ನ ಬಾಯಲ್ಲಿ ಅಪ್ಪಟ ಹಾವೇರಿ ಬರುತ್ತದೆ. "ಅಯ್ಯ ಶಿವನೇ! ಏನ್ ಮಾಡಿಟ್ರವ್ವಾ ನೀವು! ಅದೇನು ಬಂಗುಡಿ ಮೀನೇನು ಐಸ್‌ನ್ಯಾಗ ಇಡಾಕ? ಜೀವಂತ ಕೋಶ ಅದು!" ಎಂದು ಎಂಜಲು ಕೈಯಲ್ಲೇ ಎದ್ದುನಿಂತು ಕೂಗಾಡಿದೆ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಇಣುಕಿದರು.

ಬೇಬಿಯಕ್ಕ ಹೆದರಲಿಲ್ಲ. "ಬೈಯಿ, ಆರೆ ಎಂತ ಆಯ್ತ್ ಅಂದ್ ಬಿಡ್ಸಿ ಹೇಳಿ," ಎಂದರು.

ಕೂತು ಹೇಳಿದೆ. ಚಳಿ ತಾಗಿದರೆ ಕೋಶದೊಳಗಿನ ಕೊಳವೆಗಳು ಕಳಚಿ ಬೀಳುತ್ತವೆ. ಆ ಗಾಬರಿಗೆ ಉಳಿದ ಹುರಿಗಳು ಸೆಟೆದುಕೊಳ್ಳುತ್ತವೆ. ಆಮೇಲೆ ಬಿಸಿ ಮಾಡಿದರೂ ಆ ಸೆಟೆತ ಬೇಗ ಬಿಡುವುದಿಲ್ಲ. ನಾವು ನೋಡಿದ್ದು ನಿಮ್ಮ ಗಂಟಿನ ನಿಜ ಗುಣವನ್ನಲ್ಲ, ಐಸಿನ ಪ್ರತಾಪವನ್ನು. ಅದು ಓಡುವ ಗಂಟಾಗಿದ್ದು, ಗುರುವಾರ ಕೂತ ಗಂಟೆಂದು ಕತ್ತರಿಸಿದ್ದರೆ ನಮ್ಮ ಕೈಯಾರೆ ನಾವೇ ಅದನ್ನು ಮೈಯೆಲ್ಲ ಬಿತ್ತಿದಂತಾಗುತ್ತಿತ್ತು.

ಅಶ್ವಿತಾ ತಟ್ಟೆ ಬದಿಗೆ ಸರಿಸಿದಳು. ಆಮೇಲೆ ಬೇಬಿಯಕ್ಕ, "ಹಾಂಗಾರೆ ಇನ್ನೊಂದ್ ಸಲ ಸೂಜಿ ಹಾಕಿ. ಈ ಸಲ ನಾನೇ ಬತ್ತೆ, ಗಂಟನ್ನ ಮೈಯಲ್ಲೇ ತಕಂಡ್," ಎಂದರು. ನಗಬಾರದ ಹೊತ್ತಿನಲ್ಲಿ ನಗು ಬಂತು.

ಮರುದಿನ ಕುಂದಾಪುರದಲ್ಲೇ ಸೂಜಿ ಹಾಕಿ, ಬಿಸಿ ಆರುವ ಮೊದಲು ಕಿಂಡಿಗೆ ಬಿಟ್ಟೆವು. ಕೋಶಗಳು ಬಂದವು, ಸಪೂರವಾದವು, ದಾಟಿದವು. ಲ್ಯಾನ್ಸಿ ಒತ್ತಡ ತಗ್ಗಿಸಿದ, ಆದರೂ ದಾಟಿದವು. ಅಷ್ಟು ಸಡಿಲವಾದ ಕೋಶಗಳನ್ನು ನಾನೂ ಹೆಚ್ಚು ಕಂಡಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಬೇಬಿಯಕ್ಕನಿಗೆ ಹೇಳಿದೆ. ಓಡುವ ಗಂಟು, ಬಿಗಿಮದ್ದು ತಿನ್ನಬೇಕು, ಕತ್ತಿ ಬಿಡಬೇಕು.

"ನಾನ್ ತಿಂತಿಲ್ಲೆ," ಎಂದರು.

"ಹಟ ಮಾಡಬ್ಯಾಡ್ರಿ. ಜೀವ ಮುಖ್ಯ ಅಲ್ಲೇನು?"

"ನಮ್ಮ್ ಕೇರಿ ಯಶೋದನ್ನ ಕಂಡ್ರ್ಯಾ? ಮದ್ದ್ ತಿಂದ್ ಬದ್ಕಿತ್ತ್, ಇಲ್ಲೆ ಅಂತಿಲ್ಲೆ. ಬಾಗ್ಲಲ್ಲಿ ಕೂಕಂಡಿತ್ತ್. ಉಂಬುಕೆ ಸಮಾ ಬೆರಳ್ ಮಡ್ಚುಕೆ ಆತಿಲ್ಲೆ, ಸೊಸೆ ಕಲ್ಸಿ ಕೊಡ್ಕ್. ನನ್ನ್ ಕೈ ಹಾಂಗಾಪುದ್ ನಂಗ್ ಬ್ಯಾಡ ಡಾಕ್ಟ್ರಮ್ಮ. ಬೇರೆಂತಾರೂ ಇದ್ರೆ ಹೇಳಿ. ಇಲ್ಲೆ ಅಂದ್ರೆ ಗಂಟ್ ಹಾಂಗೇ ಇರ್ಲಿ." ಅಷ್ಟು ಹೇಳಿ ಬೇಬಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಶ್ವಿತಾ ತಾಯಿಯ ಕೈ ಹಿಡಿದುಕೊಂಡು ನನ್ನನ್ನು ನೋಡಿದಳು. ಬೈಗುಳ ತಿನ್ನಲು ಸಿದ್ಧಳಾದವಳಂತೆ ನೋಡಿದಳು, ಪಾಪ.

ಒಳಗೆ ಬಂದು ಕುರ್ಚಿಯಲ್ಲಿ ಕುಕ್ಕರಿಸಿದೆ. ಲ್ಯಾನ್ಸಿ ಎರಡೂ ಪರೀಕ್ಷೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದ. ಎಡಕ್ಕೆ ಐಸಿನ ಮಾದರಿ, ಬಲಕ್ಕೆ ಬಿಸಿಯದು. "ಮೊದಲಿನದ್ದನ್ನು ಅಳಿಸ್ತೇನೆ ಮೇಡಂ. ಚಳಿ ತಾಗಿದ ಮಾದರಿ ಬಿಸಾಡ್ಬೇಕು ಅಂತ ರೂಲ್ ಉಂಟಲ್ಲ," ಎಂದ.

"ತಡಿಯೋ," ಎಂದೆ.

ರೂಲು ಹೌದು. ಯಂತ್ರ ಬಂದ ದಿನದಿಂದ ಎಲ್ಲರೂ ಅದನ್ನೇ ಪಾಲಿಸಿದ್ದೆವು. ಚಳಿ ತಾಗಿದರೆ ಲೆಕ್ಕ ತಪ್ಪುತ್ತದೆ, ಬಿಸಾಡು. ಚಳಿ ತಾಗಿದ ಗಂಟು ಎಷ್ಟು ಹೊತ್ತು ಹಾಗೇ ಇರುತ್ತದೆ ಎಂದು ಯಾರೂ ನೋಡಲು ಹೋಗಿರಲಿಲ್ಲ. ನೋಡಬೇಕಾದ್ದೆಲ್ಲ ಕಸದ ಬುಟ್ಟಿ ಸೇರಿತ್ತು. ಐಸಿನ ಮಾದರಿಯ ಉತ್ತರ ತಪ್ಪಲ್ಲ, ನಮ್ಮ ಪ್ರಶ್ನೆ ಬೇರೆಯಾಗಿತ್ತು. ಇದೇ ಗಂಟು, ಇದೇ ಬೇಬಿಯಕ್ಕ. ಮದ್ದಿಲ್ಲದೆ, ಬರೀ ಐಸಿಗೆ, ಓಡುವುದು ಕೂತಿತ್ತು.

"ಲ್ಯಾನ್ಸಿ, ಉಳಿದ ಮಾದರಿ ಐಸಿಗೆ ಹಾಕು. ಬೇಬಿಯಕ್ಕನ ರಕ್ತವೂ ತಗೋ, ಅದನ್ನೂ ಹಾಕು."

"ಈಗ ನೀವು ಮೀನು ಮಾರ್ಲಿಕ್ಕೆ ಹೊರಟದ್ದಾ?" ಎಂದ. ಎಂದರೂ ಐಸು ತರಲು ಓಡಿದ.

ಐಸಿನಿಂದ ತೆಗೆದು, ಬೆಚ್ಚಗೆ ಮಾಡಿ, ಎರಡನ್ನೂ ಕಿಂಡಿಗೆ ಬಿಟ್ಟೆವು. ಬಿಳಿ ರಕ್ತಕಣಗಳು ಮೊದಲು ತಡವರಿಸಿದವು. ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಮೈ ಸಡಿಲ ಮಾಡಿಕೊಂಡು, ಏನೂ ಆಗೇ ಇಲ್ಲವೆಂಬಂತೆ ದಾಟತೊಡಗಿದವು. ಗಂಟಿನ ಕೋಶಗಳು ದಾಟಲಿಲ್ಲ. ಮಧ್ಯಾಹ್ನದ ಊಟವಾಯಿತು, ದಾಟಲಿಲ್ಲ. ಸಂಜೆ ಬೀಗ ಹಾಕುವ ಹೊತ್ತಿಗೆ ಒಂದೊಂದೇ ಅಲುಗಾಡತೊಡಗಿದವು. ಚಳಿಯ ಗಾಬರಿಯಿಂದ ಸುಧಾರಿಸಿಕೊಳ್ಳುವ ಪ್ರೋಟೀನು ಅವುಗಳಲ್ಲಿ ಕೆಟ್ಟಿತ್ತು. ಅದು ಕೆಟ್ಟದ್ದರಿಂದಲೇ ಅವು ಸಡಿಲವಾಗಿ ಓಡುತ್ತಿದ್ದವು, ಅದೇ ಈಗ ಅವುಗಳ ಕುಂದು. ನಾನು ಲ್ಯಾನ್ಸಿಯ ಬೆನ್ನಿಗೆ ಗುದ್ದಿದ ಗುದ್ದನ್ನು ಅವನು ಇವತ್ತಿಗೂ ಊರೆಲ್ಲ ಹೇಳಿಕೊಂಡು ಬರುತ್ತಾನೆ.

ಮದ್ದಿನ ಬದಲು ಎದೆಗೆ ತಂಪು ಕಟ್ಟು ಕಟ್ಟಿ, ಗಂಟು ಚಳಿಗೆ ಕೂತಿರುವಾಗಲೇ ಕತ್ತರಿಸೋಣ ಎಂದೆ. ಅಲ್ಲಿಂದ ಮುಂದೆ ನಮ್ಮ ಸರ್ಜನ್ ಡಾ. ಸಬೀಹಾ ಜೊತೆ ಜಗಳ. ಜಗಳವೆಂದರೆ ನಾನು ಮೇಜು ಕುಟ್ಟುವುದು, ಅವರು ತಣ್ಣಗೆ ಪ್ರಶ್ನೆ ಕೇಳುವುದು. ಗಾಜಿನಲ್ಲಿ ಕೂತದ್ದು ಮೈಯಲ್ಲೂ ಕೂರುತ್ತದೆಂದು ಏನು ಗ್ಯಾರಂಟಿ? ಚರ್ಮ ಸುಟ್ಟರೆ? ಚಳಿ ಗಂಟಿನ ತಳದವರೆಗೆ ಇಳಿಯದಿದ್ದರೆ? ಚರ್ಮ ಸುಡದಂತೆ ಬಿಟ್ಟು ಬಿಟ್ಟು ಚಳಿ ಕೊಡಬಹುದಿತ್ತು. ಕೊನೆಯದಕ್ಕೂ ಉತ್ತರ ಸಿಕ್ಕಿತು. ಗಂಟು ಚರ್ಮಕ್ಕೆ ಹತ್ತಿರದಲ್ಲಿತ್ತು, ಸಪೂರ ತಂತಿಯೊಂದನ್ನು ಒಳಗಿಟ್ಟು ಚಳಿ ಅಳೆಯಬಹುದಿತ್ತು. ಮೊದಲನೆಯದಕ್ಕೆ ಉತ್ತರವಿರಲಿಲ್ಲ. ಆಸ್ಪತ್ರೆಯ ಸಮಿತಿ ಮೂರು ಸಲ ಕೂತು ಎದ್ದಿತು. ಕೊನೆಗೆ, ರೋಗಿ ಎಲ್ಲ ತಿಳಿದು ಒಪ್ಪಿದರೆ ಆಗಬಹುದು ಎಂದಿತು.

ಬೇಬಿಯಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇದನ್ನ ಯಾರಿಗೂ ಮಾಡಿ ನೋಡಿಲ್ಲ. ನನ್ನ ಲೆಕ್ಕ ಸರಿ ಐತಿ ಅಂತ ನನಗ ಧೈರ್ಯ ಐತಿ. ಆದ್ರ ಲೆಕ್ಕ ತಪ್ಪಿದ್ರ ಗಂಟು ಓಡತೈತಿ, ಆಮ್ಯಾಲ ಮದ್ದಿನಿಂದಲೂ ಹಿಡಿಯಾಕ ಆಗೂದಿಲ್ಲ. ಮದ್ದು ತಿಂದ್ರ ಜೀವಕ್ಕ ಖಾತ್ರಿ ಜಾಸ್ತಿ."

ಅವರು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಷ್ಟ್ ಹೊತ್ತ್ ಐಸಲ್ಲಿ ಇಡ್ಕ್?" ಎಂದು ಕೇಳಿದರು.

"ಹಿಂದಿನ ದಿನದಿಂದ ಬಿಟ್ಟು ಬಿಟ್ಟು. ಆಪರೇಷನ್ ಮುಗಿಯೂ ತನಕ."

"ಅಷ್ಟೇಯಾ? ನಾನ್ ಹುಟ್ಟಿದಾರಭ್ಯ ಐಸಲ್ಲೇ ಕೈ ಹಾಕಂಡ್ ಇದ್ದವ್ಳ್," ಎಂದು ಹೆಬ್ಬೆಟ್ಟು ಒತ್ತುವ ಯಂತ್ರವನ್ನು ತಾವೇ ಹತ್ತಿರ ಎಳೆದುಕೊಂಡರು.

ಆಪರೇಷನ್ನಿನ ದಿನ ನಾನು ಥಿಯೇಟರಿನ ಪಕ್ಕದ ಕೋಣೆಯಲ್ಲಿ ಕಿಂಡಿಯ ಮುಂದೆ ಕೂತಿದ್ದೆ. ತಂಪು ಕಟ್ಟಿನಿಂದ ಬೇಬಿಯಕ್ಕನ ಎದೆಯ ಒಂದು ಭಾಗ ಮಾತ್ರ ಚಳಿಯಲ್ಲಿತ್ತು, ಉಳಿದ ಮೈ ಹೊದಿಕೆಯಡಿ ಬೆಚ್ಚಗಿತ್ತು. ಮಂಪರಿಗೆ ಜಾರುವ ಮೊದಲು ಅವರು, "ಪಕ್ಕ ನಾಕ್ ನಿಂಬೆಹಣ್ಣ್ ಇಟ್ರೆ ಮೀನಿನ್ ಹಾಂಗೆ ಮಾರುಕೇ ಆತ್ತ್ ನನ್ನ," ಎಂದರಂತೆ. ಸಬೀಹಾ ಚಾಕು ಹಾಕಿದ ಮೇಲೆ, ಗಂಟಿನಿಂದ ಹೊರಡುವ ನಾಳದಿಂದ ಆಗಾಗ ರಕ್ತ ತೆಗೆದು ನನಗೆ ಕಳಿಸುತ್ತಿದ್ದರು. ಓಡುವವು ಇದ್ದರೆ ಅದರಲ್ಲೇ ಸಿಗಬೇಕು.

ಮೊದಲ ಸೀಸೆ ಬಂತು. ಬಿಳಿ ರಕ್ತಕಣಗಳು ದಾಟಿದವು. ಎರಡನೆಯದೂ ಅಷ್ಟೇ. ಆಮೇಲಿನದರಲ್ಲಿ ಗಂಟಿನ ಕೋಶಗಳು ಕಂಡವು. ಕಳಚಿಕೊಂಡಿದ್ದವು. ಲ್ಯಾನ್ಸಿ ಶಿಲುಬೆಯ ಗುರುತು ಹಾಕಿಕೊಂಡ. ಅವು ತೇಲಿಕೊಂಡು ಕಿಂಡಿಯ ಹತ್ತಿರ ಬಂದವು, ಬಾಯಿಗೆ ಒತ್ತಿದವು, ನಿಂತವು. ಪಕ್ಕದ ಕಿಂಡಿಗಳಲ್ಲಿ ಬಿಳಿ ರಕ್ತಕಣಗಳು ಒಂದರ ಹಿಂದೊಂದು ದಾಟಿ ಹೋಗುತ್ತಿದ್ದವು. ಇವು ಮಾತ್ರ ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಅಡ್ಡ ನಿಂತಿದ್ದವು. ಒತ್ತಡ ಏರಿಸಿದೆ. ಒಂದೂ ಅಲುಗಲಿಲ್ಲ.

"ಕೂತವು!" ಎಂದು ನಾನು ಕಿರುಚಿದ್ದು ಥಿಯೇಟರಿನೊಳಗೆ ಕೇಳಿಸಿತಂತೆ. ಸಬೀಹಾ ಆಮೇಲೆ ನನ್ನನ್ನು ಚೆನ್ನಾಗಿ ಬೈದರು. ಬೈಯುವಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಒಂದು ಮಳೆಗಾಲ ಕಳೆಯುವವರೆಗೂ ಬೇಬಿಯಕ್ಕನ ರಕ್ತ ತರಿಸಿ ನೋಡುತ್ತಲೇ ಇದ್ದೆವು. ಮೂಳೆ, ಶ್ವಾಸಕೋಶ ಎಲ್ಲ ತಪಾಸಣೆ ಮಾಡಿಸಿದೆವು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಬೇರೆ ಊರುಗಳಲ್ಲೂ ತಂಪು ಕಟ್ಟಿನ ಪರೀಕ್ಷೆ ಶುರುವಾಗಿತ್ತು. ಎಲ್ಲರ ಗಂಟಿಗೂ ಅದು ಒಗ್ಗಲಿಲ್ಲ. ಆಳದಲ್ಲಿದ್ದವಕ್ಕೆ ಇನ್ನೂ ಮದ್ದೇ ಗತಿ. ಅವಕ್ಕೂ ಒಂದು ದಾರಿ ಸಿಗುತ್ತದೆ, ಬಿಡುವವಳಲ್ಲ ನಾನು. ಚಳಿ ತಾಗಿದ ಮಾದರಿ ಬಿಸಾಡುವ ರೂಲನ್ನಂತೂ ಮೊದಲು ತೆಗೆಸಿದೆ.

ಕಡಲಿಗೆ ಮತ್ತೆ ದೋಣಿ ಇಳಿದ ಮೇಲೆ ಗಂಗೊಳ್ಳಿ ಮಾರ್ಕೆಟ್ಟಿಗೆ ಹೋಗಿ ಬಂಗುಡೆ ಕೊಂಡೆ. ಬೇಬಿಯಕ್ಕ ತಮ್ಮ ಜಾಗದಲ್ಲಿ ಮೆಟ್ಟುಕತ್ತಿ ಹೂಡಿ ಕೂತಿದ್ದರು, ಸುತ್ತ ಜನ. ನನ್ನನ್ನು ಕಂಡವರೇ, "ಹ್ವಾಯ್, ಜಾಗ ಬಿಡಿ, ನನ್ನ್ ಐಸಿಗ್ ಹಾಕ್ದ ಡಾಕ್ಟ್ರಮ್ಮ ಬಂದ್ರ್!" ಎಂದು ಕೂಗಿ, ಮುಖ ನನ್ನ ಕಡೆ ತಿರುಗಿಸಿದ ಭರದಲ್ಲಿ ಬೆರಳು ಕತ್ತಿಗೆ ತಾಗಿಸಿಕೊಂಡರು. ರಕ್ತ ಚಿಮ್ಮಿತು.

ನನ್ನ ಜೀವ ಬಾಯಿಗೆ ಬಂತು. ಬಿಗಿಮದ್ದಿನವರ ಹುಣ್ಣುಗಳನ್ನು ನೋಡಿ ನೋಡಿ ಬಂದ ಹೆದರಿಕೆ. "ಕಟ್ರಿ, ಔಷಧಿ ಹಚ್ರಿ, ಇವತ್ತು ಕತ್ತಿ ಸಾಕು," ಎಂದು ಸೆರಗು ಹಿಡಿದು ಎಳೆದೆ.

"ಸುಮ್ನಿರಿ ಮರ್ರೆ," ಎಂದು ಬೆರಳನ್ನು ಐಸಿನ ಪೆಟ್ಟಿಗೆಯೊಳಗೆ ತೂರಿಸಿ, ತೆಗೆದು, ಬಟ್ಟೆಯ ಚೂರು ಸುತ್ತಿ, ನನ್ನ ಬಂಗುಡೆ ಕೊಯ್ಯತೊಡಗಿದರು.

ಸಮಾಧಾನವಾಗದೆ ಮೂರು ದಿನ ಬಿಟ್ಟು ಮತ್ತೆ ಹೋದೆ. ಮೀನು ಬೇಕಿರಲಿಲ್ಲ. ಬೇಬಿಯಕ್ಕ ಏನೂ ಕೇಳದೆ ಕೈ ಚಾಚಿದರು. ಯಾವ ಬೆರಳು ಎಂದು ನನಗೇ ಗೊತ್ತಾಗಲಿಲ್ಲ. ಗೀರುಗಳ ನಡುವೆ ಗೀರು, ಎಲ್ಲವೂ ಕೂಡಿಕೊಂಡಿದ್ದವು.

"ಇದಾ?" ಎಂದೆ ಒಂದನ್ನು ಮುಟ್ಟಿ.

"ಅಲ್ಲ, ಅದ್ ನಿನ್ನೆದ್," ಎಂದು ನಕ್ಕು, ಕೈ ಬಿಡಿಸಿಕೊಂಡು ಮುಂದಿನವರ ಮೀನು ಎತ್ತಿಕೊಂಡರು.